ಕಾವಲು ಯಾರಿಗೆ, ಕಣ್ಣು ಯಾರ ಮೇಲೆ?

(ಮಾದನಹಿಪ್ಪರಗಾದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಇವತ್ತಿನ ಮಾತಿಗೆ ಇಟ್ಟ ಹೆಸರು ದೊಡ್ಡದು. ದೇಶದ ಭದ್ರತೆ, ಗುಪ್ತಚರ ಸಂಸ್ಥೆಗಳು, ಸೈಬರ್ ರಕ್ಷಣೆ. ಇದರ ಮೇಲೆ ಭಾಷಣ ಮಾಡೋರು ಸಾಮಾನ್ಯವಾಗಿ ನಿವೃತ್ತ ಅಧಿಕಾರಿಗಳು. ಗಡಿಯಿಂದ ಶುರು ಮಾಡ್ತಾರೆ, ಗಡಿಯಲ್ಲೇ ಮುಗಿಸ್ತಾರೆ. ಹಾಸ್ಟೆಲಿನ ಹುಡುಗರು ಚಪ್ಪಾಳೆ ತಟ್ಟಿ ಊಟಕ್ಕೆ ಹೋಗ್ತಾರೆ. ನಾವು ಈ ತಾಲೂಕಿನಿಂದಲೇ ಶುರು ಮಾಡೋಣ. ಯಾಕೆಂದರೆ ದೇಶವೆಲ್ಲ ಮಾತಾಡಿದ ಒಂದು ಸೈಬರ್ ಕಳ್ಳತನಕ್ಕೆ ಕೈ ಹಾಕಿದ್ದು ನಮ್ಮ ಆಳಂದದಲ್ಲೇ. ಕದಿಯಲು ಹೊರಟದ್ದು ನಮ್ಮ ಓಟು.

ಸಂಗತಿ ನಿಮಗೆ ಅಷ್ಟಿಷ್ಟು ಗೊತ್ತು. ಪೂರಾ ಗೊತ್ತಿರಲಿ ಅಂತ ಹೇಳ್ತೀವಿ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು 6,018 ಅರ್ಜಿಗಳು ಆನ್‌ಲೈನಿನಲ್ಲಿ ಬಂದವು. ಹೆಸರು ತೆಗೆಸಲು ಬಳಸುವುದು ಫಾರಂ 7. ಸತ್ತವರದು, ಊರು ಬಿಟ್ಟವರದು, ಎರಡು ಕಡೆ ಇರೋರದು ಇದರಲ್ಲಿ ತೆಗೆಸಬಹುದು. ಅದೇ ಕ್ಷೇತ್ರದ ಮತದಾರ ಯಾರು ಬೇಕಾದರೂ ಅರ್ಜಿ ಹಾಕಬಹುದು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ 6,018ರಲ್ಲಿ ಖರೆ ಇದ್ದದ್ದು 24. ಉಳಿದ 5,994 ಸುಳ್ಳು.

ಈ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. 2018ರಲ್ಲಿ ಇದೇ ಆಳಂದದಲ್ಲಿ ಸೋಲು ಗೆಲುವಿನ ನಡುವೆ ಇದ್ದ ಅಂತರ 697 ಓಟು. ಅಷ್ಟು ಓಟಿನ ಮೇಲೆ ಶಾಸಕನೊಬ್ಬ ಕೂರುವ ಕ್ಷೇತ್ರದಲ್ಲಿ ಆರು ಸಾವಿರ ಹೆಸರು ತೆಗೆಯಲು ಹೊರಟವರು ಆಟಕ್ಕೆ ಹೊರಟವರಲ್ಲ.

ಇದು ಬಯಲಾದ ಬಗೆ ನೋಡ್ರಿ. ದಿಲ್ಲಿಯ ಯಾವ ಯಂತ್ರಕ್ಕೂ ಇದರ ವಾಸನೆ ಬಡಿಯಲಿಲ್ಲ. ಹಿಡಿದದ್ದು ಒಬ್ಬ ಬೂತ್ ಮಟ್ಟದ ಅಧಿಕಾರಿ, ನಾವು ಬಿಎಲ್‌ಒ ಅನ್ನೋರು, ಒಬ್ಬ ಹೆಣ್ಣುಮಗಳು. ತನ್ನದೇ ಸಂಬಂಧಿಕರ ಹೆಸರು ತೆಗೆಯಲು ಅರ್ಜಿ ಬಂದಿದ್ದು ಆಕೆಗೆ ಕಂಡಿತು. ಹಾಕಿದವರ ಹೆಸರು ನೋಡಿದರೆ ನೆರೆಮನೆಯವರದು. ಹೋಗಿ ಕೇಳಿದರೆ, ಅವರಿಗೆ ಆ ಅರ್ಜಿ ಎಂಬುದೇ ಗೊತ್ತಿಲ್ಲ. ಹೆಸರು ಕಳಕೊಳ್ಳಬೇಕಾದವರಿಗೂ ಗೊತ್ತಿಲ್ಲ, ತೆಗೆಸಿದವರೆಂದು ಕಾಗದದಲ್ಲಿ ಇದ್ದವರಿಗೂ ಗೊತ್ತಿಲ್ಲ. ನಡುವೆ ಮೂರನೆಯ ಕೈ ಒಂದಿದೆ ಎಂಬುದು ಓಣಿಯ ಎರಡು ಮನೆಗಳ ನಡುವಿನ ಮಾತಿನಲ್ಲಿ ಹೊರಬಿತ್ತು. ಆಮೇಲೆ ಬಿ.ಆರ್. ಪಾಟೀಲರು ದೂರು ಕೊಟ್ಟರು. 2023ರ ಫೆಬ್ರವರಿ 21ರಂದು ಆಳಂದ ಠಾಣೆಯಲ್ಲಿ ಚುನಾವಣಾ ಅಧಿಕಾರಿಯೇ ಕೇಸು ದಾಖಲಿಸಿದರು. ಹೆಸರುಗಳು ಉಳಿದವು.

2025ರ ಸೆಪ್ಟೆಂಬರ್ 18ರಂದು ರಾಹುಲ್ ಗಾಂಧಿ ಪತ್ರಕರ್ತರ ಮುಂದೆ ಕೆಲವು ವಿವರ ಇಟ್ಟರು. ಒಬ್ಬ ಅಜ್ಜಿಯ ಹೆಸರಿನಲ್ಲಿ 12 ಜನರ ಓಟು ತೆಗೆಸಲು ಅರ್ಜಿ. ಇನ್ನೊಬ್ಬರ ಹೆಸರಿನಲ್ಲಿ 14 ನಿಮಿಷದಲ್ಲಿ 12 ಅರ್ಜಿ. ಮತ್ತೊಬ್ಬರು ಬೆಳಗಿನ ಜಾವ 4 ಗಂಟೆ 7 ನಿಮಿಷಕ್ಕೆ ಎದ್ದು 36 ಸೆಕೆಂಡಿನಲ್ಲಿ ಎರಡು ಅರ್ಜಿ ತುಂಬಿದ್ದಾರಂತೆ. ನಮ್ಮಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬಿದೋರು ಎಷ್ಟು ಜನ ಇದ್ದೀರಿ? 36 ಸೆಕೆಂಡಿನಲ್ಲಿ ಆ ಪೋರ್ಟಲ್ ತೆರಕೊಂಡರೇ ಪುಣ್ಯ. ಅರ್ಜಿದಾರರನ್ನು ಯಂತ್ರವೇ ಆರಿಸಿದೆ, ಬೂತಿನ ಪಟ್ಟಿಯ ಮೊದಲ ನಂಬರಿನ ಹೆಸರನ್ನೇ ಎತ್ತಿಕೊಂಡಿದೆ ಎಂಬುದು ಅವರ ಆರೋಪ. ಚುನಾವಣಾ ಆಯೋಗ ಇದನ್ನು ಒಪ್ಪಲಿಲ್ಲ. ಆನ್‌ಲೈನಿನಲ್ಲಿ ಸಾರ್ವಜನಿಕರು ಯಾರೂ ಹೆಸರು ತೆಗೆಯಲಾಗದು, ಮತದಾರನ ಮಾತು ಕೇಳದೆ ತೆಗೆಯುವುದಿಲ್ಲ, ಆಳಂದದ ಪ್ರಯತ್ನ ವಿಫಲವಾಯಿತು, ಕೇಸು ಹಾಕಿಸಿದ್ದೇ ನಾವು ಎಂದಿತು. ನಮಗೆ ಈ ಪಕ್ಷದ ಹಂಗೂ ಇಲ್ಲ, ಆ ಪಕ್ಷದ ಹಂಗೂ ಇಲ್ಲ. ಆಯೋಗ ಹೇಳಿದ್ದರಲ್ಲಿ ಸತ್ಯ ಉಂಟು. ಆದರೆ ಕಳ್ಳ ಬೀಗ ಮುರಿಯಲಿಲ್ಲ ಅಂದಮಾತ್ರಕ್ಕೆ ಕಳ್ಳ ಯಾರು ಅಂತ ಕೇಳಬಾರದೇ?

ಕೇಳಿದ್ದು ರಾಜ್ಯದ ಸಿಐಡಿ. ಆಯೋಗ 2023ರ ಸೆಪ್ಟೆಂಬರಿನಲ್ಲಿ ತನ್ನಲ್ಲಿದ್ದ ಮಾಹಿತಿ ಕೊಟ್ಟಿದ್ದೇನೆ ಎನ್ನುತ್ತದೆ. ಮೊಬೈಲ್ ನಂಬರು, ಐಪಿ ವಿಳಾಸ ಎಲ್ಲ ಅದರಲ್ಲಿತ್ತಂತೆ. ಸಿಐಡಿಗೆ ಅದು ಸಾಲಲಿಲ್ಲ. 18 ತಿಂಗಳಲ್ಲಿ 18 ಪತ್ರ ಬರೆದರು ಎಂದು ರಾಹುಲ್ ಗಾಂಧಿ ಹೇಳಿದರು. ಪತ್ರಗಳಲ್ಲಿ ಕೇಳಿದ್ದು ಡೆಸ್ಟಿನೇಶನ್ ಐಪಿ, ಡೆಸ್ಟಿನೇಶನ್ ಪೋರ್ಟ್, ಓಟಿಪಿ ಹೋದ ಜಾಡು.

ಈ ಪದಗಳಿಗೆ ಹೆದರಬೇಡಿ. ಒಂದು ಹಾಸ್ಟೆಲಿಗೆ ಅಂಚೆ ವಿಳಾಸ ಒಂದೇ, ಹುಡುಗರು ಇನ್ನೂರು. ಹಾಸ್ಟೆಲಿನಿಂದ ಒಂದು ಬೆದರಿಕೆ ಪತ್ರ ಹೋಯಿತು ಅನ್ನಿ. ವಿಳಾಸ ಹಿಡಿದು ಬಂದ ಪೊಲೀಸರಿಗೆ ಇನ್ನೂರು ಹುಡುಗರೂ ಕಳ್ಳರೇ. ಯಾವ ಕೋಣೆಯಿಂದ, ಯಾವ ಗಳಿಗೆಗೆ, ಯಾವ ಡಬ್ಬಿಗೆ ಬಿತ್ತು ಅಂತ ತಿಳಿದರೆ ಮಾತ್ರ ಒಬ್ಬನ ಹತ್ತಿರ ಬರಬಹುದು. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿಗೆ ಬಹಳ ಜನರಿಗೆ ಹಂಚುತ್ತವೆ. ಆದ್ದರಿಂದ ಬರೀ ಐಪಿ ಕೊಟ್ಟರೆ ಹಾಸ್ಟೆಲಿನ ಹೆಸರು ಕೊಟ್ಟ ಹಾಗೆ. ಕೋಣೆ, ಡಬ್ಬಿಗಳ ಲೆಕ್ಕ ಆ ಪೋರ್ಟುಗಳಲ್ಲಿದೆ. ಸೈಬರ್ ರಕ್ಷಣೆ ಅಂದರೆ ಇಷ್ಟೇ ಗೆಳೆಯರೆ: ಯಾರು, ಯಾವಾಗ, ಯಾವ ಬಾಗಿಲಿನಿಂದ ಒಳಬಂದರು ಎಂಬ ದಾಖಲೆ ಇಡುವುದು, ಕೇಳಿದಾಗ ಕೊಡುವುದು.

2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ಮಾಡಿತು. ಆಮೇಲೆ ಪತ್ರಿಕೆಗಳಲ್ಲಿ ಬಂದದ್ದು ಓದಿದರೆ ಮೈ ಉರಿಯುತ್ತದೆ. ಕಲಬುರಗಿಯಲ್ಲೇ ಒಂದು ಡಾಟಾ ಸೆಂಟರ್. ಒಂದು ಅರ್ಜಿಗೆ 80 ರೂಪಾಯಿ ಕೂಲಿ. ಒಟ್ಟು ಸುಮಾರು 4.8 ಲಕ್ಷ. ಬಳಸಿದ್ದು 75 ಮೊಬೈಲ್ ನಂಬರುಗಳು, ಅವುಗಳಲ್ಲಿ ಕೋಳಿಫಾರಂ ಕೂಲಿಯವನ ನಂಬರೂ ಇತ್ತು. ಓಟಿಪಿಗಳನ್ನು ಸಂತೆಯ ಮಾಲಿನಂತೆ ಮಾರುವ ವೆಬ್‌ಸೈಟಿನ ಜಾಡು ಹಿಡಿದು ಪಶ್ಚಿಮ ಬಂಗಾಳದ ತನಕ ಹೋಗಿ ಒಬ್ಬನನ್ನು ಹಿಡಿದರು. 2025ರ ಡಿಸೆಂಬರಿನಲ್ಲಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಅದರಲ್ಲಿ ಕ್ಷೇತ್ರದ ಮಾಜಿ ಶಾಸಕರ ಹೆಸರೂ ಇದೆ. ತಪ್ಪು ಯಾರದು ಅನ್ನೋದು ಕೋರ್ಟು ಹೇಳಬೇಕಾದ್ದು. ನಮಗೆ ಕುಟುಕುವುದು ಆ 80 ರೂಪಾಯಿ. ಖಾನಾವಳಿಯ ಒಂದು ಊಟದ ರೊಕ್ಕ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ನಿಂತು ಬಾಬಾಸಾಹೇಬರು ನಮಗೆ ಓಟು ಬೇಕು ಎಂದು ವಾದಿಸಿದ್ದರು. ಆಗ ಅವರಿಗೆ 27 ವರ್ಷ, ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಅಲ್ಲಿಂದ ಎಲ್ಲರ ಕೈಗೂ ಓಟು ಬರಲು ಮೂವತ್ತು ವರ್ಷ ಹಿಡಿಯಿತು.

ಇದರಲ್ಲಿ ಪತ್ರಿಕೆಗಳು ಬರೆಯದ ಒಂದು ಮಾತಿದೆ. ಫಾರಂ 7ರಲ್ಲಿ 'ಇಲ್ಲಿ ವಾಸ ಇಲ್ಲ' ಎಂಬ ಕಾರಣ ಯಾರ ಮೇಲೆ ಸುಲಭವಾಗಿ ಅಂಟುತ್ತದೆ? ಸೋಲಾಪುರ, ಪುಣೆ, ಮುಂಬಯಿಗೆ ದುಡಿಯಲು ಹೋಗೋರ ಮೇಲೆ. ತೊಗರಿ ರಾಶಿ ಮುಗಿದ ಮೇಲೆ ನಮ್ಮ ಕೇರಿಗಳಲ್ಲಿ ಎಷ್ಟು ಮನೆಗೆ ಬೀಗ ಬೀಳ್ತದೆ, ನಿಮಗೇ ಗೊತ್ತು. ಐವತ್ತೆಕರೆ ಒಡೆಯನ ಮನೆಗೆ ಬೀಗ ಬೀಳೋದಿಲ್ಲ. ವಿಚಾರಣೆಗೆ ಬಂದವರು ಕೇಳಿದಾಗ 'ಅವರು ಪುಣಾಕ ಹೋಗ್ಯಾರ್ರಿ' ಅಂತ ನೆರೆಯವರು ಇದ್ದದ್ದನ್ನೇ ಹೇಳಿದರೂ ಸಾಕು, ಸುಳ್ಳು ಅರ್ಜಿ ಖರೆಯಂತೆ ಕಾಣುತ್ತದೆ. ನಮ್ಮ ಬಡತನವೇ ಅವರ ಸಾಕ್ಷಿ.

ಈಗ ಆ ದೊಡ್ಡ ವಿಷಯಕ್ಕೆ ಬರೋಣ. ದೇಶಕ್ಕೆ ಕಾವಲುಗಾರರು ಕಡಿಮೆಯೇ? ಒಳಗಿನ ಗೂಢಚರ್ಯೆಗೆ ಐಬಿ, ಅಂದರೆ ಇಂಟೆಲಿಜೆನ್ಸ್ ಬ್ಯೂರೋ. ಹೊರದೇಶಕ್ಕೆ 1968ರಲ್ಲಿ ಹುಟ್ಟಿದ ರಾ. ಕಂಪ್ಯೂಟರ್ ದಾಳಿ ತಡೆಯಲು 2004ರಿಂದ ಸರ್ಟ್-ಇನ್. ಉಪಗ್ರಹ, ತಂತ್ರಜ್ಞಾನದ ಗೂಢಚರ್ಯೆಗೆ ಎನ್‌ಟಿಆರ್‌ಒ. 2008ರ ಮುಂಬಯಿ ದಾಳಿಯ ನಂತರ ಎನ್‌ಐಎ. 2018ರ ಡಿಸೆಂಬರ್ 20ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು. ಹತ್ತು ಸಂಸ್ಥೆಗಳು ಯಾವುದೇ ಕಂಪ್ಯೂಟರಿನಲ್ಲಿರುವ ಮಾಹಿತಿಯನ್ನು ನೋಡಬಹುದು, ತಡೆಹಿಡಿಯಬಹುದು ಎಂದು. ಹತ್ತು ಜೋಡಿ ಕಣ್ಣು. ಆ ಕಣ್ಣುಗಳು ನಮ್ಮ ಕಡೆ ತಿರುಗೋದೇ ಇಲ್ಲ ಅಂತ ಅಲ್ಲ. ಚೆನ್ನಾಗಿಯೇ ತಿರುಗುತ್ತವೆ. ಯಾವಾಗ ಅನ್ನೋದಕ್ಕೆ ಭೀಮಾ ಹೊಳೆಯ ಮೇಲ್ಮುಖವಾಗಿ ಹೋಗಬೇಕು.

ಅಫಜಲಪುರ, ಜೇವರ್ಗಿಗಳ ಮಗ್ಗುಲಲ್ಲಿ ಹರಿಯುವ ಇದೇ ಭೀಮೆಯ ದಂಡೆಯಲ್ಲಿ, ಪುಣೆಯ ಹತ್ತಿರ ಕೋರೆಗಾಂವ್ ಇದೆ. 1818ರ ಯುದ್ಧದ ಸ್ತಂಭ ಅಲ್ಲಿದೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋಗಿದ್ದರು. ಅಂದಿನಿಂದ ನಮ್ಮ ಜನ ಹೋಗ್ತಾರೆ, ಈ ಕಡೆಯಿಂದಲೂ ಹೋಗ್ತಾರೆ. 2017ರ ಡಿಸೆಂಬರ್ 31ರಂದು ಪುಣೆಯ ಶನಿವಾರವಾಡೆಯಲ್ಲಿ ಎಲ್ಗಾರ್ ಪರಿಷತ್ ನಡೆಯಿತು. ಮರುದಿನ ಕೋರೆಗಾಂವ್‌ಗೆ ಹೋದ ಜನರ ಮೇಲೆ ಕಲ್ಲು ಬಿದ್ದವು. ಕಲ್ಲು ತಿಂದವರ ಕಥೆ ಹಿಂದೆ ಸರಿಯಿತು, ಪರಿಷತ್ತು ಮಾಡಿದವರ ಮೇಲೆ ದೇಶದ್ರೋಹದ ಕಥೆ ಮುಂದೆ ಬಂತು. 2018ರ ಜೂನ್‌ನಿಂದ ಬಂಧನ ಶುರುವಾಗಿ 16 ಜನ ಜೈಲಿಗೆ ಹೋದರು. ಸುಧೀರ್ ಢವಳೆ ಬರಹಗಾರ. ಸುರೇಂದ್ರ ಗಡ್ಲಿಂಗ್ ವಕೀಲ. ಆನಂದ ತೇಲ್ತುಂಬ್ಡೆ ವಿದ್ವಾಂಸ, ಅಂಬೇಡ್ಕರರ ಮನೆತನದ ಅಳಿಯ. ಅವರು ಶರಣಾಗಬೇಕಾದ ದಿನ 2020ರ ಏಪ್ರಿಲ್ 14. ದಿನ ನೋಡಿ ಇಟ್ಟರೋ, ಹಾಗೇ ಬಂತೋ. ಹೊರಗೆ ಬಂದದ್ದು 2022ರ ನವೆಂಬರ್ 26, ಸಂವಿಧಾನದ ದಿನ.

ಆ ಕೇಸಿನ ಆಧಾರ ಏನು? ಬಹುಪಾಲು ಕಂಪ್ಯೂಟರಿನಲ್ಲಿ ಸಿಕ್ಕ ಪತ್ರಗಳು. ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪಿನ ಪ್ರತಿಯನ್ನು ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಎಂಬ ಸಂಸ್ಥೆ ಪರೀಕ್ಷಿಸಿತು. 2021ರ ಫೆಬ್ರವರಿಯಲ್ಲಿ ಹೊರಬಂದ ಅದರ ವರದಿ ಹೇಳಿದ್ದು ಇದು: 2016ರ ಜೂನ್‌ನಲ್ಲಿ ಪರಿಚಯದವರ ಹೆಸರಿನ ಒಂದು ಈಮೇಲ್ ಮೂಲಕ ನೆಟ್‌ವೈರ್ ಎಂಬ ಕಳ್ಳ ತಂತ್ರಾಂಶ ಒಳಹೊಕ್ಕಿತು. ಪೊಲೀಸರು ಜಪ್ತಿ ಮಾಡುವ ತನಕ 22 ತಿಂಗಳು ಯಾರೋ ಆ ಯಂತ್ರದೊಳಗೆ ವಾಸವಾಗಿದ್ದರು. ಗುಪ್ತವಾದ ಒಂದು ಫೋಲ್ಡರ್ ಮಾಡಿ ಆ ಪತ್ರಗಳನ್ನು ಅದರಲ್ಲಿ ಇಟ್ಟರು. ಮನೆಯ ಯಜಮಾನ ಆ ಪತ್ರಗಳನ್ನು ಒಮ್ಮೆಯೂ ತೆರೆದ ಗುರುತಿಲ್ಲ. ಎನ್‌ಐಎ ಈ ವರದಿಯನ್ನು ಒಪ್ಪುವುದಿಲ್ಲ. ಇಟ್ಟವರು ಯಾರು ಎಂದು ಆರ್ಸೆನಲ್ ಕೂಡ ಹೇಳಿಲ್ಲ. ಫಾದರ್ ಸ್ಟ್ಯಾನ್ ಸ್ವಾಮಿ ಒಂದು ಕಾಲದಲ್ಲಿ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ಜೊತೆ ಉಳಿದವರು. 83ನೇ ವಯಸ್ಸಿನಲ್ಲಿ, 2020ರ ಅಕ್ಟೋಬರಿನಲ್ಲಿ ಅವರ ಬಂಧನವಾಯಿತು. ಪಾರ್ಕಿನ್ಸನ್ ರೋಗದಿಂದ ಕೈ ನಡುಗುತ್ತಿದ್ದ ಆ ಮುದುಕ ನೀರು ಕುಡಿಯಲು ಸಿಪ್ಪರ್ ಕೊಡಿ ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು ಜಾಮೀನು ಸಿಗದೆ ತೀರಿಕೊಂಡರು. ಅವರ ಕಂಪ್ಯೂಟರಿನಲ್ಲೂ ಹೊರಗಿನವರು ಕಡತ ಇಟ್ಟಿದ್ದರೆಂದು ಆರ್ಸೆನಲ್ 2022ರ ಡಿಸೆಂಬರಿನಲ್ಲಿ ಹೇಳಿತು.

ಎರಡನ್ನೂ ಒಟ್ಟಿಗೆ ಹಿಡಿದು ನೋಡಿ. ಪುಣೆ ಕೇಸಿನಲ್ಲಿ ಕಂಪ್ಯೂಟರಿನಲ್ಲಿ ಸಿಕ್ಕ ಪತ್ರ ನಂಬಿ ಹದಿನಾರು ಜನರನ್ನು ಒಳಗೆ ಹಾಕಲು ಯಂತ್ರಕ್ಕೆ ತಡವಾಗಲಿಲ್ಲ. ಆಳಂದದಲ್ಲಿ ಆರು ಸಾವಿರ ಹೆಸರಿನ ಮೇಲೆ ಕೈಯಿಟ್ಟವನ ಕೋಣೆ ನಂಬರ್ ಕೇಳಿದರೆ ಹದಿನೆಂಟು ಪತ್ರ ಸಾಲಲಿಲ್ಲ. ಸೈಬರ್ ದಾಳಿ ಎರಡೂ ಕಡೆ ಆಗಿದೆ. ಒಂದರಲ್ಲಿ ದಾಳಿಗೆ ಒಳಗಾದವರೇ ಜೈಲಿಗೆ ಹೋದರು.

ಇದು ಹೊಸ ಕಥೆ ಅಲ್ಲ. ನಮ್ಮ ಅಜ್ಜಂದಿರು ಊರ ಕಾವಲು ಮಾಡಿದವರು. ಊರಿನ ಬೆಳೆ ಕಾದರು, ಎಲ್ಲೆ ಕಾದರು, ಕಂದಾಯದ ಗಂಟು ಹೊತ್ತು ತಾಲೂಕಿಗೆ ನಡೆದರು. ಆ ಬಿಟ್ಟಿ ಚಾಕರಿಯ ವಂಶಪಾರಂಪರ್ಯ ಹುದ್ದೆಗಳನ್ನು ಕರ್ನಾಟಕ ರದ್ದು ಮಾಡಿದ್ದು 1961ರ ಕಾನೂನಿನಿಂದ. ಇಡೀ ಊರು ಕಾದವನ ಗುಡಿಸಲಿಗೆ ಬೆಂಕಿ ಬಿದ್ದರೆ ಕಾಯಲು ಯಾರೂ ಇರಲಿಲ್ಲ. ಊರಲ್ಲಿ ಕಳುವಾದರೆ ಮೊದಲು ಹಿಡಿದು ಕಟ್ಟುತ್ತಿದ್ದುದು ಅವನನ್ನೇ.

ಈ ಇಲಾಖೆಗಳ ಬೆನ್ನಿಗೆ ಯಾವ ಕಾನೂನಿದೆ? ಐಬಿಯಲ್ಲೇ ದುಡಿದು ನಿವೃತ್ತರಾದ ಆರ್.ಎನ್. ಕುಲಕರ್ಣಿ ಎಂಬವರು ಈ ಪ್ರಶ್ನೆ ಹಿಡಿದು ನಮ್ಮ ಕರ್ನಾಟಕ ಹೈಕೋರ್ಟಿಗೇ ಹೋಗಿದ್ದರು. ಅವರಂಥವರೇ ಕೇಳಬೇಕಾಯಿತು! ಕೇಂದ್ರ ತೋರಿಸಿದ್ದು 1887ರ ಒಂದು ಆಡಳಿತಾತ್ಮಕ ಆದೇಶ. ವಿಕ್ಟೋರಿಯಾ ರಾಣಿಯ ಕಾಲದ್ದು. ಸಂಸತ್ತು ಐಬಿಗೆಂದು ಒಂದು ಕಾಯ್ದೆ ಮಾಡಿಲ್ಲ. 2011ರಲ್ಲಿ ಮನೀಶ್ ತಿವಾರಿ ತಂದ ಖಾಸಗಿ ಮಸೂದೆ ಹಾಗೇ ಬಿದ್ದುಹೋಯಿತು. ಮಾಹಿತಿ ಹಕ್ಕಿನ ಕಾಯ್ದೆಯ 24ನೇ ಕಲಮು ಐಬಿ, ರಾ ಮುಂತಾದವುಗಳಿಗೆ ವಿನಾಯಿತಿ ಕೊಟ್ಟಿದೆ, 2023ರ ನವೆಂಬರಿನಲ್ಲಿ ಸರ್ಟ್-ಇನ್ ಕೂಡ ಆ ಪಟ್ಟಿಗೆ ಸೇರಿತು. ಆದರೆ ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಮಾಹಿತಿಗೆ ಆ ವಿನಾಯಿತಿ ಇಲ್ಲ. ಆ ಸಂದು ನೆನಪಿಡಿ, ಕಾನೂನು ಓದೋರು ನಿಮ್ಮಲ್ಲಿ ಇದ್ದೀರಿ.

ಬೇರೆ ದೇಶಗಳಲ್ಲೂ ಇದೇ ಆಯಿತು. ಅಮೆರಿಕದ ಎಫ್‌ಬಿಐ ಮಾರ್ಟಿನ್ ಲೂಥರ್ ಕಿಂಗರ ಫೋನು ಕದ್ದು ಕೇಳಿತು, ಜೀವ ತೆಗೆದುಕೊಳ್ಳುವಂತೆ ಸೂಚಿಸುವ ಅನಾಮಧೇಯ ಪತ್ರವನ್ನೂ ಕಳಿಸಿತು. 1969ರಲ್ಲಿ ಚಿಕಾಗೋದಲ್ಲಿ ಪೊಲೀಸರು ಬ್ಲ್ಯಾಕ್ ಪ್ಯಾಂಥರ್ ಫ್ರೆಡ್ ಹ್ಯಾಂಪ್ಟನ್‌ನನ್ನು ಕೊಂದಾಗ ಅವನಿಗೆ 21 ವರ್ಷ. ಮನೆಯ ನಕ್ಷೆ ಕೊಟ್ಟವನು ಎಫ್‌ಬಿಐನ ಮಾಹಿತಿದಾರ. ಆದರೆ ಅಲ್ಲಿ 1975ರಲ್ಲಿ ಸೆನೆಟ್ಟಿನ ಚರ್ಚ್ ಸಮಿತಿ ಕೂತು ಕಡತ ತೆರೆಸಿತು, ಕದ್ದು ಕೇಳುವುದಕ್ಕೆ ಕೋರ್ಟಿನ ಅಂಕುಶವೂ ಬಂತು. ನಮ್ಮಲ್ಲಿ 2021ರಲ್ಲಿ ಪೆಗಾಸಸ್ ಸುದ್ದಿ ಬಂದಾಗ ಸುಪ್ರೀಂ ಕೋರ್ಟು ಸಮಿತಿ ಮಾಡಿತು. ಪರೀಕ್ಷಿಸಿದ 29 ಫೋನುಗಳಲ್ಲಿ ಐದರಲ್ಲಿ ಕಳ್ಳ ತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ, ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು 2022ರ ಆಗಸ್ಟಿನಲ್ಲಿ ತಿಳಿಯಿತು. ಪೆಗಾಸಸ್ ಮಾಡಿದ ಇಸ್ರೇಲಿನ ಕಂಪನಿ ಸರ್ಕಾರಗಳಿಗೆ ಬಿಟ್ಟು ಬೇರೆಯವರಿಗೆ ಮಾರುವುದಿಲ್ಲ ಎನ್ನುತ್ತದೆ. ಪತ್ರಕರ್ತರಿಗೆ ಸಿಕ್ಕ ನಂಬರುಗಳ ಪಟ್ಟಿಯಲ್ಲಿ 2019ರಲ್ಲಿ ನಮ್ಮ ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ್ ಅವರದೂ ಇತ್ತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿನೊಳಗೆ ಹೊಕ್ಕಿದ್ದರೆಂದಲ್ಲ. ಅದು ಕುರ್ಚಿಯ ಜಗಳ ಇರಬಹುದು. ಆದರೂ ಅಷ್ಟು ಮೇಲೇರಿದ ದಲಿತನ ನಂಬರೇ ಆ ಪಟ್ಟಿಯಲ್ಲಿದ್ದರೆ ಹಾಸ್ಟೆಲ್ ಹುಡುಗನ ಫೋನಿಗೆ ಯಾವ ಮರ್ಯಾದೆ?

ಫೋನು ಕದ್ದು ಕೇಳುವುದರಲ್ಲಿ ಯಾವ ಪಕ್ಷವೂ ಮಡಿವಂತ ಅಲ್ಲ. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಪದವಿ ಬಿಟ್ಟದ್ದು ಇದೇ ಗಲಾಟೆಯಲ್ಲಿ. ಆಗ ನಾಚಿಕೆಯಾದರೂ ಇತ್ತು. ನಮ್ಮ ಕೈಯಲ್ಲಿರುವ ಒಂದೇ ಗಟ್ಟಿ ಹತಾರ 2017ರ ಆಗಸ್ಟ್ 24ರ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಹೇಳಿದರು. ಆ ಕೇಸು ಹಾಕಿದ್ದು ಕನ್ನಡದವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

'ಹಂಗಾದ್ರ ಗುಪ್ತಚರರೇ ಬ್ಯಾಡೇನು?' ಅಂತ ನಿಮ್ಮಲ್ಲಿ ಒಬ್ಬರು ಸಭೆಗೆ ಮುಂಚೆಯೇ ಕೇಳಿದರು. ಬೇಕು. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳನ್ನು ಯಾರೋ ಕಟ್ಟಿಹಾಕಿದಾಗ ದಿನಗಟ್ಟಲೆ ಸಾಲಿನಲ್ಲಿ ಒದ್ದಾಡಿದೋರು ಬಡವರು. ಸಾಹುಕಾರನಿಗೆ ಬೇರೆ ಆಸ್ಪತ್ರೆ ಇರ್ತದೆ. ಬಾಂಬು ಬಿದ್ದರೂ ಮೊದಲು ಸಾಯೋದು ಸ್ಟೇಷನ್ನಿನಲ್ಲಿ ಮಲಗಿದವನು. ಕಾವಲು ಬೇಕಾದ್ದು ನಮಗೇ ಹೆಚ್ಚು. ಅದಕ್ಕೇ ಕೇಳ್ತೀವಿ: ಐಬಿ, ರಾಗಳಿಗೆ ಸಂಸತ್ತು ಮಾಡಿದ ಕಾಯ್ದೆ ಬೇಕು. ಲೆಕ್ಕ ಕೇಳುವ ಸಮಿತಿ ಬೇಕು. ಕಂಪ್ಯೂಟರ್ ಸಾಕ್ಷ್ಯವನ್ನು ಆರೋಪಿ ಕಡೆಯವರೂ ಮೊದಲೇ ಪರೀಕ್ಷಿಸುವ ಹಕ್ಕು ಬೇಕು. ಮತದಾರರ ಪಟ್ಟಿಯನ್ನು ಅಣುಸ್ಥಾವರದ ಹಾಗೆ ದೇಶದ ಭದ್ರತೆಯ ವಸ್ತು ಎಂದು ಕಾಯಬೇಕು.

ಅದೆಲ್ಲ ಆಗುವ ತನಕ ಕೈಕಟ್ಟಿ ಕೂರೋದಿಲ್ಲ. ನಿಮ್ಮ ಹೆಸರಿನ ಸಿಮ್ಮು ಯಾರಿಗೂ ಕೊಡಬೇಡಿ. ಐನೂರು, ಸಾವಿರ ಕೊಟ್ಟು 'ತಮ್ಮಾ, ನಿನ್ನ ಬ್ಯಾಂಕ್ ಖಾತೆ ಎಂಟು ದಿನ ಕೊಡು' ಅನ್ನೋರು ಹಾಸ್ಟೆಲುಗಳ ಸುತ್ತ ಸುಳಿದಾಡ್ತಾರೆ. ರೊಕ್ಕ ಅವರ ಪಾಲು, ಕೇಸು ನಿಮ್ಮ ಪಾಲು. ಓಟಿಪಿ ಅಂದರೆ ಹೆಬ್ಬೆಟ್ಟು. ನಮ್ಮ ಅಜ್ಜಂದಿರ ಹೆಬ್ಬೆಟ್ಟು ಒತ್ತಿಸಿಕೊಂಡೇ ಅವರ ಹೊಲ ಹೋದವು. ಮೋಸ ಆದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ಇನ್ನು ಹೆಸರುಗಳ ಕೆಲಸ. ಮತದಾರರ ಪಟ್ಟಿಯ ಪ್ರತಿ ಬೂತಿನಲ್ಲಿ ಬಿಎಲ್‌ಒ ಹತ್ತಿರ ಇರ್ತದೆ, ಆಯೋಗದ ಆ್ಯಪಿನಲ್ಲೂ ನೋಡಬಹುದು, 1950ಕ್ಕೆ ಕೇಳಬಹುದು. ರಜೆಗೆ ಊರಿಗೆ ಹೋಗೋರು ಒಬ್ಬೊಬ್ಬರು ತಮ್ಮ ಕೇರಿಯ ಭಾಗದ ಸಂಖ್ಯೆ ಬರಕೊಂಡು ಹೋಗಿ. ಮನೆಮನೆಗೆ ಹೋಗಿ ಪಟ್ಟಿ ಓದಿ ಹೇಳಿ. ಪುಣೆ, ಮುಂಬಯಿಗೆ ಹೋದವರ ಮನೆ ಇದ್ದರೆ ಅವರಿಗೆ ಫೋನು ಹಚ್ಚಿ, ಯಾವಾಗ ಹೋದರು, ಯಾವಾಗ ವಾಪಸು ಬರ್ತಾರೆ ಅಂತ ಪಕ್ಕದಲ್ಲಿ ಗುರುತು ಹಾಕಿ. ಅವರ ಹೆಸರಿಗೆ ನೋಟೀಸು ಬಂದರೆ ಓದಿ ತಿಳಿಸೋ ಒಬ್ಬರನ್ನು ಓಣಿಯಲ್ಲೇ ಗೊತ್ತು ಮಾಡಿ ಬನ್ನಿ. ಬರೆದ ಹಾಳೆಗಳನ್ನು ಮುಂದಿನ ಸಭೆಗೆ ತರಬೇಕು. ಒಂದು ನೋಟ್‌ಬುಕ್ ಈಗ ನಿಮ್ಮ ಕಡೆ ಬರ್ತಾ ಇದೆ. ಹೆಸರು, ಊರು, ಬೂತ್ ನಂಬರ್ ಬರೆದು ಮುಂದಕ್ಕೆ ಕೊಡಿ.

ಜೈಭೀಮ್.